ಹದಿನೇಳನೇ ಲಾರಿಯ ನೆರಳು

ಮೀನು ಸಾಗಿಸುವ ತಂಪು ಲಾರಿಗೆ ಎರಡು ಇಂಜಿನ್ ಇರುತ್ತವೆ ಎಂಬುದು ಮೀನು ತಿನ್ನುವವರಲ್ಲಿ ಮುಕ್ಕಾಲು ಪಾಲು ಜನರಿಗೆ ಗೊತ್ತಿಲ್ಲ. ಒಂದು ಲಾರಿಯನ್ನು ಓಡಿಸುವುದಕ್ಕೆ. ಇನ್ನೊಂದು, ಚಾಲಕನ ತಲೆಯ ಮೇಲುಗಡೆ ಮೀನು ತುಂಬುವ ಪೆಟ್ಟಿಗೆಯ ಮೂತಿಗೆ ಅಂಟಿಕೊಂಡು ಕೂತದ್ದು, ಒಳಗಿನ ಮೀನನ್ನು ತಣ್ಣಗಿಡುವುದಕ್ಕೆ. 2046ರ ಹೊತ್ತಿಗೆ ಮೊದಲನೆಯದು ಡೀಸೆಲ್ ಬಿಟ್ಟು ಬ್ಯಾಟರಿ ಹಿಡಿದು ಮರ್ಯಾದಸ್ಥನಂತಾಗಿತ್ತು. ಎರಡನೆಯದು ಮಾತ್ರ ಡೀಸೆಲ್ ಕುಡಿಯುವ ಚಟ ಬಿಟ್ಟಿರಲಿಲ್ಲ. ತಂಪು ಮಾಡುವುದಕ್ಕೂ ಬ್ಯಾಟರಿಯನ್ನೇ ನೆಚ್ಚಿಕೊಂಡರೆ ಮಲ್ಪೆಯಿಂದ ಹೊರಟ ಲಾರಿ ಅರ್ಧ ದಾರಿಯಲ್ಲೇ ಕೈಯೆತ್ತುತ್ತಿತ್ತು. ಹೀಗಾಗಿ ಲಾರಿ ಓಡಲಿ, ನಿಲ್ಲಲಿ, ಒಳಗೆ ಮೀನಿರುವಷ್ಟು ಹೊತ್ತು ಆ ಪುಟ್ಟ ಇಂಜಿನ್ ಗುರುಗುಟ್ಟುತ್ತಲೇ ಇರಬೇಕಿತ್ತು.

ಸರ್ಕಾರದ ಕಣ್ಣಿಗೆ ಈ ಪುಟ್ಟ ಇಂಜಿನ್ ಬೀಳುವುದಕ್ಕೆ ಬಹಳ ವರ್ಷ ಹಿಡಿಯಿತು. ಬಿದ್ದ ಮೇಲೆ ಬಿಡಲಿಲ್ಲ. ಎರಡು ನಿಯಮ ಬಂದವು. ಒಂದು, ಲಾರಿ ಕಂಪನಿಯ ಅಂಗಳದಲ್ಲಿ ನಿಂತ ಲಾರಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಈ ಇಂಜಿನ್ ಹಾಕಿಕೊಂಡಿರಬಾರದು. ತಂಪು ಬೇಕಿದ್ದರೆ ವಿದ್ಯುತ್ತಿನ ಪ್ಲಗ್ಗಿಗೆ ಚುಚ್ಚಬೇಕು. ಎರಡನೆಯದು ಗುರುತುಪುಡಿಯ ನಿಯಮ. ಪ್ರತಿ ಲಾರಿಯ ಡೀಸೆಲ್ಲಿಗೂ ಅಪರೂಪದ ಲೋಹಗಳ ಪುಡಿಯನ್ನು ಸಾಸಿವೆ ಕಾಳಿನಷ್ಟು ಬೆರೆಸಬೇಕು, ಒಂದೊಂದು ಲಾರಿಗೆ ಒಂದೊಂದು ಮಿಶ್ರಣ. ಅದು ಸುಡುವುದಿಲ್ಲ, ಕರಗುವುದಿಲ್ಲ. ಹೊಗೆಯ ಮಸಿಗೆ ಅಂಟಿಕೊಂಡು ಮಸಿ ಹೋದಲ್ಲಿಗೆ ಹೋಗುತ್ತದೆ. ಗೋಡೆಯ ಮೇಲೆ ಕೂತರೂ ಸರಿ, ಮನುಷ್ಯನ ಪುಪ್ಪುಸದಲ್ಲಿ ಕೂತರೂ ಸರಿ, ಒಂದು ಚೂರು ಮಸಿಯನ್ನು ಯಂತ್ರದಲ್ಲಿ ಕಾಯಿಸಿ ಅದು ಯಾವ ಬಣ್ಣದ ಬೆಳಕು ಬಿಡುತ್ತದೆಂದು ನೋಡಿದರೆ ಯಾವ ಲಾರಿಯದೆಂದು ಗೊತ್ತಾಗುತ್ತದೆ. ಅಷ್ಟು ದಿನ ಹೊಗೆ ಯಾರಪ್ಪನದೂ ಆಗಿರಲಿಲ್ಲ. ಇನ್ನು ಮುಂದೆ ಅದಕ್ಕೂ ನಂಬರ್ ಪ್ಲೇಟ್ ಬಂದಂತಾಯಿತು.

ನೀಲತೀರ ಶೀತಸಾಗಾಟ ಎಂಬ ಕಂಪನಿಯಲ್ಲಿ ಈ ನಿಯಮಗಳನ್ನೆಲ್ಲ ಪಾಲಿಸಿ ತೋರಿಸುವ ಕೆಲಸ ನಿಶ್ಮಿತಾ ಮೆಂಡನ್‌ಳದ್ದು. ವಯಸ್ಸು ಮೂವತ್ತಾರು. ನಿಯಂತ್ರಣ ಕೊಠಡಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಕೂತು ಗೋಡೆಯಗಲದ ನಕ್ಷೆಯ ಮೇಲೆ ನಲವತ್ತೆರಡು ಚುಕ್ಕೆಗಳನ್ನು ಕಾಯುತ್ತಿದ್ದಳು. ಚುಕ್ಕೆ ಹಸಿರಿದ್ದರೆ ಲಾರಿ ನಿಯಮದೊಳಗಿದೆ, ಕೆಂಪಾದರೆ ನಿಯಮ ಮುರಿದಿದೆ. ಕೆಂಪಾದ ಕೂಡಲೇ ಆ ಚಾಲಕನಿಗೆ ಫೋನ್ ಮಾಡಿ ಪಾಠ ಮಾಡುತ್ತಿದ್ದಳು. ಚಾಲಕರು ಅವಳನ್ನು ಹೊಗೆ ಟೀಚರ್ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವಳಿಗೂ ಬೇಸರವಿರಲಿಲ್ಲ.

ಕಂಪನಿಯ ಕಷ್ಟ ಇಷ್ಟು: ಲಾರಿ ನಲವತ್ತೆರಡು, ಅಂಗಳದಲ್ಲಿ ಪ್ಲಗ್ಗು ಎಂಟು. ಇನ್ನಷ್ಟು ಪ್ಲಗ್ಗಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಅರ್ಜಿ ಎರಡು ವರ್ಷದಿಂದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೀರ್ಥಯಾತ್ರೆ ಮಾಡುತ್ತಿತ್ತು. ಬೋಟುಗಳು ಬೆಳಗಾಗುವ ಮೊದಲೇ ಬಂದರಿನ ದಕ್ಕೆಗೆ ಬರುತ್ತವೆ. ಏಲಂ ಮುಗಿದು ಹನ್ನೊಂದರೊಳಗೆ ಲಾರಿ ತುಂಬುತ್ತದೆ. ಆದರೆ ಭಾರಿ ವಾಹನಗಳನ್ನು ಹೆದ್ದಾರಿಗೆ ಬಿಡುವುದು ಸಂಜೆ ಆರರ ಮೇಲೆ. ಆ ಏಳು ಗಂಟೆ ತುಂಬಿದ ಲಾರಿ ಎಲ್ಲಿ ನಿಲ್ಲಬೇಕು? ನಿಂತರೆ ನಿಯಮ ಮುರಿಯುತ್ತದೆ, ಇಂಜಿನ್ ಆರಿಸಿದರೆ ಮೀನು ಮುರಿಯುತ್ತದೆ.

"ಎಂತಾದ್ರೂ ಮಾಡಿ ಮಾರಾಯ್ತಿ," ಎಂದಿದ್ದರು ಮ್ಯಾನೇಜರ್ ಡೊನಾಲ್ಡ್ ಸಿಕ್ವೇರಾ. "ನನಗೆ ನಿಯಮ ಅರ್ಥ ಆಗುದಿಲ್ಲ. ನಿಮಗೆ ಆಗ್ತದೆ."

ಹೌದು, ಅವಳಿಗೆ ಅರ್ಥವಾಗುತ್ತಿತ್ತು. ನಿಯಮಗಳ ಪುಸ್ತಕವನ್ನು ಮೂರು ಸಲ ಓದಿದಳು. ಐದು ಅಥವಾ ಹೆಚ್ಚು ಲಾರಿ ನಿಲ್ಲುವ ಜಾಗಕ್ಕೆ ಮಾತ್ರ ಅಂಗಳ ಎಂದು ಹೆಸರು. ಒಂದು ಲಾರಿ ನಿಂತ ಜಾಗ ಅಂಗಳವಲ್ಲ. ಅವಳು ಒಂದು ಯೋಜನೆ ಬರೆದಳು, ಮನೆ ನಿಲುಗಡೆ ಎಂದು ಹೆಸರಿಟ್ಟಳು. ಎಂಟು ಲಾರಿಗೆ ಪ್ಲಗ್ಗು; ಉಳಿದ ಮೂವತ್ತನಾಲ್ಕು ಚಾಲಕರು ತುಂಬಿದ ಲಾರಿಯನ್ನು ತಮ್ಮ ತಮ್ಮ ಮನೆಗೆ ಒಯ್ದು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದು, ಆರಕ್ಕೆ ಅಲ್ಲಿಂದಲೇ ಹೊರಡುವುದು. ಚಾಲಕರು ಕುಣಿದಾಡಿದರು. ಬಂದರಿನ ಹೋಟೆಲಿನ ಅನ್ನ ತಿಂದು ಲಾರಿಯ ಕೆಳಗೆ ಮಲಗುವ ಬದಲು ಮನೆಯ ಬಿಸಿ ಗಂಜಿ ಉಂಡು ಫ್ಯಾನಿನಡಿ ಮಲಗಬಹುದು. ಒಂದೇ ವಾರದಲ್ಲಿ ಅಂಗಳದ ಗಾಳಿ ತಿಳಿಯಾಯಿತು, ಕಂಪನಿಗೆ ಹಸಿರು ಬಾವುಟ ಸಿಕ್ಕಿತು. ಹೊಗೆ ನಿಯಂತ್ರಣದ ಅಧಿಕಾರಿ ಬಂದು ಅವಳ ಕೈಕುಲುಕಿ ಹೋದರು. ಮನೆಯಲ್ಲಿ ನಿಂತ ಲಾರಿಗಳು ನಕ್ಷೆಯ ಮೇಲೆ ಬೂದು ಬಣ್ಣದಲ್ಲಿ ಕಾಣುತ್ತಿದ್ದವು. ಬೂದು ಎಂದರೆ ಲೆಕ್ಕಕ್ಕಿಲ್ಲ ಎಂದರ್ಥ.

ಅಂಥ ಬೂದು ಚುಕ್ಕೆಗಳಲ್ಲಿ ಒಂದು ಅವಳ ಅಣ್ಣ ಯತೀಶನ ಹದಿನೇಳನೇ ನಂಬರ್ ಲಾರಿ. ಅದು ನಿಲ್ಲುತ್ತಿದ್ದದ್ದು ಗೋಳಿಕಟ್ಟೆ ಓಣಿಯ ಅವರ ಮನೆಯ ಬಾಗಿಲಲ್ಲೇ. ಅಣ್ಣ, ತಂಗಿ, ತಾಯಿ ಗುಲಾಬಿ, ಮೂವರೇ ಇದ್ದ ಮನೆ. ಯತೀಶ ಮೀನುಗಾರರ ಕುಲದಲ್ಲಿ ಹುಟ್ಟಿ ಕಡಲಿಗಿಳಿದರೆ ವಾಂತಿ ಮಾಡುವ ಗಂಡಸು. ಹದಿನೆಂಟನೇ ವಯಸ್ಸಿನಲ್ಲಿ ಬೋಟು ಹತ್ತಿ ಆರು ದಿನ ಕರುಳು ಕಿತ್ತು ಬರುವ ಹಾಗೆ ಕಕ್ಕಿ, ಹೆಣದಂತಾಗಿ ಇಳಿದಿದ್ದ. ಅದನ್ನು ಊರು ಇಪ್ಪತ್ತೆರಡು ವರ್ಷವಾದರೂ ಮರೆತಿರಲಿಲ್ಲ. ಲಾರಿಯೊಂದು ಸಿಕ್ಕಿದ್ದರಿಂದ ಅವನು ಮನುಷ್ಯನಾದ. ತಂಪು ಲಾರಿ ಓಡಿಸುವುದಕ್ಕೆ ಬೇರೆಯೇ ಪರವಾನಗಿ ಬೇಕು. ಆ ಕಾರ್ಡನ್ನು ಅವನು ಅಂಗಿಯ ಜೇಬಿನಲ್ಲಿ ಎದೆಗೆ ತಾಗುವಂತೆ ಇಟ್ಟುಕೊಳ್ಳುತ್ತಿದ್ದ.

ಆ ವರ್ಷ ಮೀನುಗಾರಿಕೆ ಜೋರಿದ್ದಾಗ ಎರಡನೇ ನಿಯಮದ ಪಾಳಿ ಬಂತು. ಮಸಿ ಓದುವ ಯಂತ್ರವೊಂದು ಕಂಪನಿಗೆ ಬಂತು, ಗಾತ್ರದಲ್ಲಿ ಇಡ್ಲಿ ಪಾತ್ರೆಯಷ್ಟು. ಅಂಗಳದ ಇಪ್ಪತ್ತು ಕೆಲಸಗಾರರ ಕಫವನ್ನು ಡಬ್ಬಿಯಲ್ಲಿ ತೆಗೆದು ಓದಬೇಕು. ಜೊತೆಗೆ ಹೋಲಿಕೆಗೆಂದು, ಅಂಗಳದಿಂದ ಎರಡು ಕಿಲೋಮೀಟರ್ ಆಚೆಗಿರುವ, ಹೊಗೆಯ ಸಂಪರ್ಕವಿಲ್ಲದ ಏಳು ಜನರ ಕಫವನ್ನೂ ಓದಬೇಕು. ಮಿತಿ ಇಪ್ಪತ್ತು ಅಂಕ. ಯಾರಲ್ಲಾದರೂ ಒಂದೇ ಲಾರಿಯ ಮಸಿ ಇಪ್ಪತ್ತು ದಾಟಿದ್ದರೆ ಫಲಿತಾಂಶ ಕಳಿಸಿದ ಗಳಿಗೆಯಲ್ಲೇ ಆ ಲಾರಿಯ ಪುಟ್ಟ ಇಂಜಿನ್ನಿಗೆ ದೂರದಿಂದಲೇ ಬೀಗ ಬೀಳುತ್ತದೆ, ಮತ್ತೆ ತೆರೆಯುವುದಿಲ್ಲ. ಚಾಲಕನ ತಂಪು ಪರವಾನಗಿ ಒಂದು ವರ್ಷ ಅಮಾನತು.

ಹೊಗೆಯ ಸಂಪರ್ಕವಿಲ್ಲದ ಏಳು ಜನ ಎಂದಾಗ ನಿಶ್ಮಿತಾಳಿಗೆ ಹೊಳೆದದ್ದು ತನ್ನ ಓಣಿ. ಅಂಗಳಕ್ಕೆ ಎರಡೂವರೆ ಕಿಲೋಮೀಟರ್. ಕಾರ್ಖಾನೆಯಿಲ್ಲ, ದೊಡ್ಡ ರಸ್ತೆಯಿಲ್ಲ, ಪಡುವಣದಿಂದ ನೇರ ಕಡಲ ಗಾಳಿ. ಎಂಟು ತಿಂಗಳಿನಿಂದ ಬಾಗಿಲಲ್ಲಿ ಲಾರಿ ನಿಲ್ಲುತ್ತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದನ್ನು ಲೆಕ್ಕಕ್ಕಿಲ್ಲದ್ದರ ಪಟ್ಟಿಗೆ ಸೇರಿಸಿದ್ದವಳೇ ಅವಳು. ತಾನು ಬರೆದ ಪಟ್ಟಿಯನ್ನು ತಾನೇ ನಂಬದಿದ್ದರೆ ಹೇಗೆ?

ಡಬ್ಬಿಗಳನ್ನು ಹಂಚಲು ಅವಳು ಮಂಗಳವಾರ ಮಧ್ಯಾಹ್ನ ಮನೆಗೆ ಬಂದಳು. ಆ ಹೊತ್ತಿನಲ್ಲಿ ಅವಳು ಮನೆ ನೋಡುವುದೇ ಅಪರೂಪ. ಲಾರಿ ಇರುವ ದಿನ ಅವಳು ಕೊಠಡಿಯಲ್ಲಿ, ಅವಳು ಮನೆಯಲ್ಲಿರುವ ಭಾನುವಾರ ಲಾರಿಗೆ ರಜೆ. ಲಾರಿಯ ಮೂಡು ಬದಿಯ ನೆರಳಿನಲ್ಲಿ ಓಣಿಯ ಏಳು ಹೆಂಗಸರು ಚಾಪೆ ಹಾಕಿಕೊಂಡು ಸಿಗಡಿ ಸುಲಿಯುತ್ತಿದ್ದರು. ಮೊದಲು ತಂತಮ್ಮ ಜಗಲಿಯಲ್ಲಿ ಕೂತು ಸುಲಿಯುತ್ತಿದ್ದವರು. ಲಾರಿ ಬಂದು ನಿಲ್ಲತೊಡಗಿದ ಮೇಲೆ ಎಲ್ಲರೂ ಅಲ್ಲಿಗೇ ಬಂದರು. ಮನೆಯಷ್ಟೆತ್ತರದ ನೆರಳು, ಬೆನ್ನು ಕೊಟ್ಟರೆ ತಣ್ಣಗಿನ ಗೋಡೆ. ಪೆಟ್ಟಿಗೆಯ ಕೆಳಗಿನ ಕೊಳವೆಯಿಂದ ತೊಟ್ಟಿಕ್ಕುವ ಮಂಜುನೀರಿಗೆ ಬೋಗುಣಿ ಹಿಡಿದು, ಅದರೊಳಗೆ ಸುಲಿದ ಸಿಗಡಿಯ ಪಾತ್ರೆ ಇಟ್ಟರೆ ಸಂಜೆಯ ತನಕ ಕೆಡುತ್ತಿರಲಿಲ್ಲ. ಐಸ್ ತರುವ ರಗಳೆಯೇ ತಪ್ಪಿತ್ತು. ಒಂದೇ ತೊಂದರೆಯೆಂದರೆ ನೆತ್ತಿಯ ಮೇಲೆ ಇಂಜಿನ್ ಗುಡುಗುತ್ತಿದ್ದುದರಿಂದ ಮಾತನ್ನೆಲ್ಲ ಕೂಗಿಯೇ ಆಡಬೇಕಿತ್ತು.

"ರಸ್ತೆಯಲ್ಲಿ ಉಗುಳಿದ್ರೆ ದಂಡ ಹಾಕ್ತಾರೆ," ಎಂದು ಕೂಗಿದಳು ಪಕ್ಕದ ಮನೆಯ ಬೇಬಿಯಕ್ಕ, ಡಬ್ಬಿಯನ್ನು ತಿರುಗಿಸಿ ನೋಡುತ್ತ. "ಈಗ ನೋಡಿದ್ರೆ ಡಬ್ಬಿ ಕೊಟ್ಟು ಉಗುಳಿ ಅಂತ ಬೇಡ್ತಾರೆ. ಎಂತ ಕಾಲ ಬಂತು ಮಾರಾಯ್ತಿ!"

"ಬೆಳಿಗ್ಗೆ ಎದ್ದ ಕೂಡ್ಲೆ, ಎಲೆ ಅಡಿಕೆ ಹಾಕುವ ಮೊದ್ಲು ಬೇಬಿಯಕ್ಕ. ಇಲ್ಲದಿದ್ರೆ ಯಂತ್ರ ನಿಮಗೆ ರಕ್ತ ಬಂದಿದೆ ಅಂತ ಹೆದರ್ತದೆ."

"ಯಂತ್ರ ಹೆದರುದಾದ್ರೆ ನನ್ನ ಗಂಡನಿಗಿಂತ ಮರ್ಯಾದೆ ಉಂಟು ಅದಕ್ಕೆ!"

ಹೆಂಗಸರು ನಕ್ಕರು. ಗುಲಾಬಿ ಮಗಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. "ಕೂತ್ಕೊ, ಎಷ್ಟು ತಂಪುಂಟು ನೋಡು. ನೀನು ಮಾಡಿದ ಒಳ್ಳೇ ಕೆಲಸ ಅಂದ್ರೆ ಇದು," ಎಂದಳು. ನಿಶ್ಮಿತಾ ಹತ್ತು ನಿಮಿಷ ಕೂತಳು. ನಿಜಕ್ಕೂ ತಂಪಾಗಿತ್ತು. ಹೊಗೆ ಕಾಣಲಿಲ್ಲ, ವಾಸನೆ ಚೂರು ಬಂತು, ಮೀನಿನ ವಾಸನೆಯ ನಡುವೆ ಅದನ್ನು ಬೇರೆ ಮಾಡುವುದು ಕಷ್ಟ. ತಾಯಿಯ ಮಾತು ಕೇಳಿ ಅವಳಿಗೆ ಒಳಗೊಳಗೇ ಹಿಗ್ಗಾಯಿತು.

ಬುಧವಾರ ಹನ್ನೊಂದು ಗಂಟೆಗೆ ಇಪ್ಪತ್ತೇಳು ಡಬ್ಬಿಗಳನ್ನೂ ಯಂತ್ರ ಓದಿ ಮುಗಿಸಿತು. ಅಂಗಳದ ಕೆಲಸಗಾರರದ್ದು ಮೂರು, ಎರಡು, ನಾಲ್ಕು, ಮೂರು. ಒಬ್ಬನದ್ದೂ ಐದು ದಾಟಲಿಲ್ಲ. ಸಿಕ್ವೇರಾ ಹಿಂದೆ ನಿಂತು ನೋಡುತ್ತಿದ್ದವರು ಅವಳ ಬೆನ್ನು ತಟ್ಟಿದರು. ಆಮೇಲೆ ಹೋಲಿಕೆಯ ಏಳು ಬಂದವು. ಬೇಬಿಯಕ್ಕ ನೂರಾ ಅರವತ್ತೊಂದು. ಗುಲಾಬಿ ಮೆಂಡನ್ ನೂರಾ ಎಂಬತ್ತಾರು. ಎಲ್ಲಕ್ಕಿಂತ ಕಡಿಮೆಯದ್ದು ತೊಂಬತ್ತೆಂಟು. ಪ್ರತಿ ಸಾಲಿನ ಕೊನೆಗೆ ವಾಹನದ ಗುರುತು: ಹದಿನೇಳು, ಹದಿನೇಳು, ಹದಿನೇಳು.

ಅವಳು ಮೊದಲು ಮಾಡಿದ್ದು ಯಂತ್ರವನ್ನು ಬೈದದ್ದು. ಅದನ್ನು ಒರೆಸಿ, ಆರಿಸಿ, ಮತ್ತೆ ಹಾಕಿ, ಏಳನ್ನೂ ಮತ್ತೊಮ್ಮೆ ಓದಿಸಿದಳು. ಅಂಕಿ ಒಂದೆರಡು ಹಿಂದುಮುಂದಾಯಿತು ಅಷ್ಟೆ. ಆಮೇಲೆ ತನ್ನ ಕಫವನ್ನೇ ಒಂದು ಡಬ್ಬಿಗೆ ತೆಗೆದು ಇಟ್ಟಳು. ಅದೇ ಮನೆ, ಅದೇ ಬಾವಿಯ ನೀರು, ಅದೇ ಒಲೆ. ಅವಳದ್ದು ಆರು ಬಂತು. ವ್ಯತ್ಯಾಸ ಮಧ್ಯಾಹ್ನದ್ದು ಮಾತ್ರ.

ಅವಳು ಒಂದು ಕಾಗದ ಎಳೆದುಕೊಂಡು ಲಾರಿಯ ಚಿತ್ರ ಬರೆದಳು. ಮೂತಿ ಬಡಗಣಕ್ಕೆ. ಪುಟ್ಟ ಇಂಜಿನ್ನಿನ ಹೊಗೆಕೊಳವೆ ಬಲಗಡೆ, ಅಂದರೆ ಮೂಡಣಕ್ಕೆ. ಮಧ್ಯಾಹ್ನದ ಸೂರ್ಯ ಪಡುವಣಕ್ಕೆ ವಾಲಿದಾಗ ನೆರಳು ಬೀಳುವುದೂ ಮೂಡಣಕ್ಕೇ. ಕಡಲ ಗಾಳಿ ಪಡುವಣದಿಂದ ಬಂದು ಲಾರಿಗೆ ಬಡಿದು, ಮೇಲೇರಿ, ಆಚೆ ಬದಿಯಲ್ಲಿ ಸುತ್ತು ಹಾಕಿ ಕೆಳಗಿಳಿಯುತ್ತದೆ. ಇಳಿಯುವಾಗ ಹೊಗೆಯನ್ನೂ ಕೈಹಿಡಿದು ಕರೆದುಕೊಂಡು ಬರುತ್ತದೆ. ಇಂಜಿನ್ನಿನ ಸೋಸುಬಲೆ ದಪ್ಪ ಮಸಿಯನ್ನಷ್ಟೇ ಹಿಡಿಯುವಂಥದ್ದು, ಹಾಗಾಗಿ ಹೊಗೆ ಕಣ್ಣಿಗೆ ಕಾಣುವುದಿಲ್ಲ. ಕಾಣದ ಸಣ್ಣ ಮಸಿಯೇ ಎದೆಯ ಆಳಕ್ಕೆ ಹೋಗಿ ಕೂರುವುದು. ಮೊದಲಾಗಿದ್ದರೆ ಇಷ್ಟೂ ಹೊಗೆ ಬಂದರಿನ ಬಯಲಿನಲ್ಲಿ, ಆಳೆತ್ತರದ ಮೇಲೆ ಚದುರಿ ಹೋಗುತ್ತಿತ್ತು. ಅವಳು ಅದನ್ನು ಅಲ್ಲಿಂದ ಎತ್ತಿ ತಂದು ತಾಯಿಯ ಚಾಪೆಯ ಮೇಲೆ ಇಟ್ಟಿದ್ದಳು. ಅವಳಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಫಲಿತಾಂಶ ಕಳಿಸಲು ಆ ದಿನ ಸಂಜೆ ಐದು ಗಂಟೆ ಕೊನೆ. ಸಿಕ್ವೇರಾ ಬಾಗಿಲು ಮುಚ್ಚಿ ಎದುರು ಕೂತರು. ಕೆಟ್ಟ ಮನುಷ್ಯರಲ್ಲ ಅವರು. ಚಾಲಕರ ಮಕ್ಕಳಿಗೆ ಹಬ್ಬಕ್ಕೆ ಬಟ್ಟೆ ಕೊಡಿಸುವವರು.

"ನಾನು ಸುಳ್ಳು ಬರೀರಿ ಅಂತ ಹೇಳುದಿಲ್ಲ," ಎಂದರು. "ಪುಸ್ತಕದಲ್ಲಿ ಎಂತ ಉಂಟು ಹೇಳಿ. ಹೋಲಿಕೆಗೆ ಆರಿಸಿದ ಜನ ಅನರ್ಹರು ಅಂತ ಕಂಡ್ರೆ?"

"ಒಂದು ಸಲ ಬದಲಾಯಿಸಬಹುದು," ಎಂದಳು ಅವಳು. ಅದು ಪುಸ್ತಕದ ಹದಿನಾಲ್ಕನೇ ಕಲಮು.

"ಯಾರು ಅನರ್ಹರು?"

"ಹೊಗೆಯ ಸಂಪರ್ಕ ಇರುವವರು."

"ಇವರಿಗೆ ಸಂಪರ್ಕ ಉಂಟು ಅಂತ ನಿಮ್ಮ ಯಂತ್ರವೇ ಹೇಳ್ತದೆ. ಹಾಗಾದ್ರೆ ಅನರ್ಹರು. ಬೇರೆ ಏಳು ಜನರನ್ನು ತೆಗೀರಿ, ಬ್ರಹ್ಮಾವರದ ಕಡೆ ನನ್ನ ತಂಗಿಯ ಮನೆ ಉಂಟು, ಕಾರು ಕೊಡ್ತೇನೆ. ಇನ್ನೂ ಐದು ಗಂಟೆಯಷ್ಟು ಟೈಮುಂಟು. ನಾಳೆಯಿಂದ ಯತೀಶನಿಗೆ ಲಾರಿ ಬೇರೆ ಕಡೆ ನಿಲ್ಲಿಸ್ಲಿಕ್ಕೆ ಹೇಳುವ. ನಿಮ್ಮ ಅಮ್ಮನೂ ಉಳಿದ್ರು, ಅಣ್ಣನೂ ಉಳಿದ."

"ಬೇರೆ ಕಡೆ ಅಂದ್ರೆ ಎಲ್ಲಿ ಸರ್?"

"ಎಲ್ಲಿಯಾದ್ರೂ."

ಅದರಲ್ಲಿ ತಪ್ಪು ಹುಡುಕುವುದಕ್ಕೆ ಅವಳಿಂದಾಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನಿಯಮ ಓದುವುದನ್ನು ಅವರಿಗೆ ಕಲಿಸಿದ್ದು ಅವಳೇ. ಗೋಡೆಯ ನಕ್ಷೆಯನ್ನು ನೋಡಿದಳು. ಹನ್ನೊಂದೂವರೆ ದಾಟಿತ್ತು, ತುಂಬಿದ ಲಾರಿಗಳು ಒಂದೊಂದಾಗಿ ಮನೆ ಸೇರುತ್ತಿದ್ದವು, ಹಸಿರು ಚುಕ್ಕೆ ಒಂದೊಂದಾಗಿ ಬೂದಾಗುತ್ತಿತ್ತು. ಮೂವತ್ತನಾಲ್ಕು ಓಣಿ. ಆ ಒಂದೊಂದರ ನೆರಳಿನಲ್ಲೂ ಯಾರೋ ಕೂತಿರುತ್ತಾರೆ. ಮಲ್ಪೆಯ ಬಿಸಿಲಿನಲ್ಲಿ ಇಷ್ಟು ದೊಡ್ಡ ನೆರಳನ್ನು ಯಾರು ಬಿಡುತ್ತಾರೆ? ಹೋಲಿಕೆಯ ಏಳು ಹೆಸರು ಬದಲಾದರೆ ಆ ಓಣಿಗಳ ಕಡೆಗೆ ಯಾವ ಯಂತ್ರವೂ ಹೋಗುವುದಿಲ್ಲ. ಅಂಗಳವಷ್ಟೇ ಹಸಿರಾಗಿರುತ್ತದೆ, ವರ್ಷ ವರ್ಷವೂ.

"ಮನೆಗೆ ಹೋಗಿ ಬರ್ತೇನೆ ಸರ್," ಎಂದು ಟ್ಯಾಬ್ಲೆಟ್ ಕೈಗೆತ್ತಿಕೊಂಡಳು.

"ಕಾರು?"

"ಬೇಡ."

ಹೊರಟಳು, ಆದರೆ ನೇರವಾಗಿ ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಕಡಲ ತೀರದಲ್ಲಿ ಸ್ಕೂಟರ್ ನಿಲ್ಲಿಸಿ ಬಹಳ ಹೊತ್ತು ಕೂತಳು. ಅಣ್ಣ ಬೋಟಿನ ಅಂಚು ಹಿಡಿದು ಬಗ್ಗಿರುವ ಚಿತ್ರ ಮತ್ತೆ ಮತ್ತೆ ಕಣ್ಣಮುಂದೆ ಬಂತು. ನಲವತ್ತು ವರ್ಷದ ಗಂಡಸಿಗೆ ಲಾರಿ ಬಿಟ್ಟರೆ ಈ ಊರಿನಲ್ಲಿ ಇರುವುದು ಬೋಟೊಂದೇ. ಬೇರೆ ಏಳು ಖಾಲಿ ಡಬ್ಬಿ ಅವಳ ಚೀಲದಲ್ಲಿದ್ದವು. ಬ್ರಹ್ಮಾವರಕ್ಕೆ ಹೋಗಿ ಬರಲು ಒಂದು ಗಂಟೆ ಸಾಕು. ಎರಡು ಸಲ ಸ್ಕೂಟರನ್ನು ಆ ದಿಕ್ಕಿಗೆ ತಿರುಗಿಸಿದಳು ಕೂಡ.

ಮನೆ ಮುಟ್ಟಿದಾಗ ಮೂರೂವರೆ. ಹೆಂಗಸರು ನೆರಳಿನಲ್ಲಿದ್ದರು. ಯತೀಶ ಒಳಗೆ ಮಲಗಿದ್ದ. ಎಬ್ಬಿಸಿ, ಹಾಸಿಗೆಯ ಅಂಚಿನಲ್ಲಿ ಕೂತು ಎಲ್ಲ ಹೇಳಿದಳು. ಅವನು ಮೊದಲು ನಿದ್ದೆಗಣ್ಣಿನಲ್ಲಿ ಕೇಳಿದ, ಆಮೇಲೆ ಎದ್ದು ಕೂತು ಕೇಳಿದ.

"ನೀನೇ ಅಲ್ವಾ ಮನೆಗೆ ತಂದು ನಿಲ್ಲಿಸು ಅಂದದ್ದು?"

"ಹೌದು."

"ನಾನು ಕೇಳಿದ್ದೇನಾ?"

"ಇಲ್ಲ."

"ಮತ್ತೆ ಕಾರ್ಡ್ ಹೋಗುದು ನನ್ನದು! ಇದು ಯಾವ ನ್ಯಾಯ ಮಾರಾಯ್ತಿ?" ಅವನು ಎದ್ದು ಹೊರಗೆ ಬಂದ. ಇಂಜಿನ್ನಿನ ಸದ್ದಿಗೆ ಅವನೂ ಕೂಗಬೇಕಾಯಿತು. ಕೂಗಿದ್ದು ಓಣಿಗೆಲ್ಲ ಕೇಳಿಸಿತು. "ನನ್ನನ್ನು ಬೋಟಿಗೆ ಹತ್ತಿಸ್ತೀಯಾ? ಇವರಿಗೆ ಹೇಳು, ಇವರ ಎದುರೇ ಹೇಳು!"

ಅವಳು ಹೇಳಿದಳು. ಒಬ್ಬೊಬ್ಬರ ಹೆಸರು, ಅಂಕಿ, ಮಿತಿ ಎಷ್ಟು ಎಂಬುದು. ಕೂಗಿ ಕೂಗಿ ಹೇಳಬೇಕಾಗಿ ಬಂದದ್ದರಿಂದ ಅದು ಏಲಂ ಕೂಗಿದ ಹಾಗೆ ಕೇಳಿಸಿತು. ಬೇಬಿಯಕ್ಕ ತಮಾಷೆಗೆ ಬಾಯಿ ತೆರೆದವಳು ಗುಲಾಬಿಯ ಮುಖ ನೋಡಿ ಮುಚ್ಚಿಕೊಂಡಳು.

"ನನ್ನ ಮಗನ ಲಾರಿಯಿಂದ ನನಗೆ ಎಂತ ಆಗ್ತದೆ?" ಎಂದಳು ಗುಲಾಬಿ. "ಗಟ್ಟಿಯಾಗಿ ಕೂತಿದ್ದೇನಲ್ಲ! ನಾಳೆಯಿಂದ ಜಗಲಿಗೆ ಹೋಗ್ತೇವೆ. ಅವನ ಕಾರ್ಡ್ ತೆಗೀಬೇಡ."

"ಅಮ್ಮ, ಇನ್ನೂ ಮೂವತ್ತಮೂರು ಓಣಿ ಉಂಟು."

"ಆ ಓಣಿಯವರಿಗೆ ಅಣ್ಣಂದಿರಿಲ್ವಾ? ಅವರವರ ತಂಗಿಯರು ನೋಡ್ಕೊಳ್ತಾರೆ!"

ಆ ಮೂವತ್ತಮೂರು ಲಾರಿಗಳ ತಂಗಿಯರು ಯಾರೂ ಯಂತ್ರ ಇಟ್ಟುಕೊಂಡವರಲ್ಲ. ನಿಶ್ಮಿತಾಳಿಗೆ ಅಳು ಬಂತು, ತಡೆಯಲಿಲ್ಲ, ಅತ್ತಳು. ಅಳುತ್ತಲೇ ಟ್ಯಾಬ್ಲೆಟ್ ತೆರೆದಳು. ಹೋಲಿಕೆಯ ಏಳು ಹೆಸರು, ಏಳು ಅಂಕಿ, ವಾಹನ ಹದಿನೇಳು. ಎಲ್ಲಕ್ಕಿಂತ ಕೆಳಗೆ, ಬೇಕಿದ್ದರೆ ತುಂಬಬಹುದು ಎಂದು ಬರೆದಿದ್ದ ಒಂದು ಅಂಕಣವಿತ್ತು: ವಾಹನ ಅಲ್ಲಿ ನಿಲ್ಲಲು ಆದೇಶ ಕೊಟ್ಟವರು. ಅದನ್ನು ತುಂಬಿದರೆ ಚಾಲಕನ ಶಿಕ್ಷೆಯೇನೂ ಕಡಿಮೆಯಾಗುವುದಿಲ್ಲ, ಆದೇಶ ಕೊಟ್ಟವರ ಕೆಲಸವೂ ಹೋಗುತ್ತದೆ, ಅಷ್ಟೆ. ಜೊತೆಗೆ ಆ ಆದೇಶದಡಿ ನಿಂತ ಎಲ್ಲ ಲಾರಿಗಳ ಓಣಿಗೂ ಅಧಿಕಾರಿ ಯಂತ್ರ ಹಿಡಿದು ಹೋಗಲೇಬೇಕಾಗುತ್ತದೆ. ಯಾವ ಕಂಪನಿಯಲ್ಲೂ ಆ ಅಂಕಣವನ್ನು ತುಂಬಿದವರು ಅವಳಿಗೆ ಗೊತ್ತಿರಲಿಲ್ಲ. ತನ್ನ ಹೆಸರು ಬರೆದು ಅಣ್ಣನ ಮುಂದೆ ಹಿಡಿದಳು.

ಯತೀಶ ಓದಿದ. ಅವಳ ಹೆಸರನ್ನು ನೋಡಿದ, ಮೇಲೆ ಹೋಗಿ ತಾಯಿಯ ಅಂಕಿಯನ್ನು ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಲಾರಿಯ ಹಿಂದಕ್ಕೆ ಹೋಗಿ, ಪೆಟ್ಟಿಗೆಯ ಎರಡೂ ಬಾಗಿಲುಗಳ ಚಿಲಕ ಎಳೆದು ಬಿಗಿದ. ಬಾಗಿಲು ಬಿಗಿಯಾಗಿದ್ದರೆ ಇಂಜಿನ್ ಇಲ್ಲದೆಯೂ ಎರಡು ಗಂಟೆ ಒಳಗೆ ತಂಪಿರುತ್ತದೆ, ಅಷ್ಟರೊಳಗೆ ಅಂಗಳಕ್ಕೆ ಒಯ್ದು ಪ್ಲಗ್ಗಿಗೆ ಚುಚ್ಚಬಹುದು. ಮೂರು ಟನ್ ಅಂಜಲ್ ಮೀನಿತ್ತು ಒಳಗೆ. ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿ ಗಾಳಿ ಸೋರುವುದಿಲ್ಲವೆಂದು ನೋಡಿಕೊಂಡು, ಮುಂದೆ ಬಂದು ಸೀಟಿಗೆ ಹತ್ತಿ ಕೂತ.

ನಿಶ್ಮಿತಾ ಕಳಿಸುವ ಗುಂಡಿ ಒತ್ತಿದಳು.

ನಾಲ್ಕೈದು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಪುಟ್ಟ ಇಂಜಿನ್ ಒಮ್ಮೆ ಅದುರಿ, ಎರಡು ಸಲ ಕೆಮ್ಮಿ, ನಿಂತುಹೋಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಓಣಿಯ ಮಧ್ಯಾಹ್ನ ಸದ್ದಿಲ್ಲದಾಯಿತು. ಕೊಳವೆಯಿಂದ ಬೋಗುಣಿಗೆ ಬೀಳುವ ಹನಿ ಕೇಳಿಸಿತು. ಹೆಂಗಸರು ಯಾರೂ ಮಾತಾಡಲಿಲ್ಲ, ಮೆಲ್ಲಗೆ ಮಾತಾಡುವ ಅಭ್ಯಾಸ ತಪ್ಪಿತ್ತೋ ಏನೋ.

ಯತೀಶ ಹೊರಡಲು ಕೀಲಿಗೆ ಕೈ ಹಾಕಿದವನು ತಡೆದುಕೊಂಡ. ಎಲ್ಲೋ ಗಾಳಿ ಸೋರುತ್ತಿತ್ತು. ಸಣ್ಣಗೆ, ಸಿಳ್ಳೆಯ ಹಾಗೆ, ಬಿಟ್ಟು ಬಿಟ್ಟು. ಬ್ರೇಕಿನ ಗಾಳಿಯ ಕೊಳವೆ ಸೀಳಿದರೆ ಹೀಗೇ ಸದ್ದು ಬರುತ್ತದೆ. ಮೂರು ಟನ್ ಹೇರಿಕೊಂಡು ಹಾಗೆ ಹೊರಡುವಂತಿಲ್ಲ. ಅವನು ಕೆಳಗಿಳಿದು, ಮುಂದಿನ ಚಕ್ರದ ಬಳಿ ಮಂಡಿಯೂರಿ ಕಿವಿಗೊಟ್ಟ. ಅಲ್ಲಿಂದಲ್ಲ. ಹಿಂದಿನ ಚಕ್ರದ ಕಡೆಗೆ ಸರಿದ. ಅಲ್ಲಿಂದಲೂ ಅಲ್ಲ, ಆದರೆ ಸದ್ದು ಹತ್ತಿರವಾಗಿತ್ತು. ಮಂಡಿಯ ಮೇಲೆಯೇ ತಿರುಗಿ, ಚಾಪೆಯ ಕಡೆಗೆ ಬಂದ.

ಗುಲಾಬಿ ತಲೆ ತಗ್ಗಿಸಿ ಸಿಗಡಿ ಸುಲಿಯುತ್ತಿದ್ದಳು. ಉಸಿರು ಒಳಗೆಳೆದಾಗ ಸಿಳ್ಳೆ ಬಂತು. ಬಿಟ್ಟಾಗ ಮತ್ತೆ ಬಂತು. ಮಧ್ಯಾಹ್ನ ಕಟ್ಟಿದ ಎದೆ ಸಂಜೆಗೆ ಸಡಿಲಾಗುತ್ತಿದ್ದುದರಿಂದ ಇಬ್ಬರು ಮಕ್ಕಳೂ ಅದನ್ನು ಕೇಳಿರಲಿಲ್ಲ. ಕೂಗಿ ಮಾತಾಡುವ ಗದ್ದಲದಲ್ಲಿ ಅವಳಿಗೂ ಕೇಳಿಸಿರಲಿಲ್ಲವೇನೋ. ಪಕ್ಕದಲ್ಲಿ ಬೇಬಿಯಕ್ಕನ ಎದೆಯಿಂದ ಇನ್ನೊಂದು ಸಿಳ್ಳೆ ಬರುತ್ತಿತ್ತು, ಸ್ವಲ್ಪ ದಪ್ಪಗೆ. ಆಚೆಗೆ ಮತ್ತೊಂದು.

ಮಗ ಮಣ್ಣಿನ ಮೇಲೆ ಮಂಡಿಯೂರಿ ತನ್ನ ಎದೆಗೇ ಕಿವಿಗೊಟ್ಟು ಕೂತಿರುವುದನ್ನು ಗುಲಾಬಿ ಕಂಡಳು.

"ಎಂತ ನೋಡ್ತಿ," ಎಂದಳು. ಮಾತು ನಿಲ್ಲಿಸಿ ಉಸಿರೆಳೆದುಕೊಂಡಳು. "ಹೊರಡು." ಮತ್ತೊಮ್ಮೆ ಎಳೆದುಕೊಂಡಳು. "ಮೀನು ಹಾಳಾಗ್ತದೆ."